ಕಮಲಾಪುರದ ಕೆಂಪು ಗುಡ್ಡ

ನಕ್ಷೆ ಓದುವುದು ನನಗೆ ಬರುತ್ತದೆ ಎಂಬುದರಲ್ಲಿ ನನಗೆ ಎಂದೂ ಸಂಶಯವಿರಲಿಲ್ಲ. ಗೆರೆ ಮೇಲೆ ಹೋದರೆ ಏರಿದೆ, ಕೆಳಗೆ ಬಂದರೆ ಇಳಿದಿದೆ. ಇದಕ್ಕೆ ತರಬೇತಿ ಯಾಕೆ? ಹೀಗೆಂದುಕೊಂಡೇ ಹೈದರಾಬಾದಿನ ಮೂರು ದಿನದ ಕಂಪ್ಯೂಟರ್ ತರಬೇತಿಯ ಕೊನೆಯ ಮಧ್ಯಾಹ್ನ, "ನಕ್ಷೆಗಳನ್ನು ಓದುವ ಬಗೆ" ಎಂಬ ಪಾಠಕ್ಕೆ ಚಕ್ಕರ್ ಹೊಡೆದು, ಹೆಂಡತಿಗೆ ಬಳೆ ತರಲು ಚಾರಮಿನಾರದ ಕಡೆ ಹೋದೆ. ಬಳೆ ಅವಳ ಕೈಗೆ ಏರಲಿಲ್ಲ. ಅಳತೆ ನೋಡಿ ತರಬೇಕಿತ್ತು ಎಂದಳು. ಆ ಮಾತಿಗೆ ನಾನು ಬೆಲೆ ಕೊಡಲಿಲ್ಲ.

ಇದು ಕಂಪ್ಯೂಟರಿನ ಮೇಲೆ ಜರಿಯಂಚಿನ ಬಟ್ಟೆ ಹೊದಿಸುತ್ತಿದ್ದ ಕಾಲದ ಮಾತು. ನಮ್ಮದು ತೊಗರಿ ಬೆಳೆಗಾರರ ಒಂದು ಸಂಘ. ಮುಖ್ಯ ಕಚೇರಿ ಕಲಬುರಗಿಯ ಕಪನೂರಿನಲ್ಲಿ, ಶಾಖೆ ಕಮಲಾಪುರದಲ್ಲಿ. ಕಮಲಾಪುರದಲ್ಲಿ ದಿನವೂ ಎಷ್ಟು ಚೀಲ ತೊಗರಿ ಬಂತು ಎಂಬ ಪಟ್ಟಿ ಸಂಜೆ ಟೆಲಿಫೋನ್ ತಂತಿಯ ಮೂಲಕ ನಮ್ಮ ಕಂಪ್ಯೂಟರಿಗೆ ಬರಬೇಕು. ನಾನು ಮೊದಲು ಬಂದುಹೋಗುವ ಕಾಗದ ದಾಖಲಿಸುವ ಆವಕ ಜಾವಕದ ಗುಮಾಸ್ತ. ಅಕ್ಷರ ಕೆಟ್ಟದಾಗಿದ್ದುದರಿಂದ ಟೈಪ್‌ರೈಟರ್ ಕೊಟ್ಟರು. ಟೈಪ್ ಬರುತ್ತಿದ್ದುದರಿಂದ ಕಂಪ್ಯೂಟರ್ ಕೊಟ್ಟರು. ಕಂಪ್ಯೂಟರ್ ಇದ್ದುದರಿಂದ ಗಣಕ ವಿಭಾಗದ ಮುಖ್ಯಸ್ಥನೆಂದು ಬೋರ್ಡು ಹಾಕಿದರು. ವಿಭಾಗದಲ್ಲಿ ನಾನೊಬ್ಬನೇ ಇದ್ದೆ. ಹುದ್ದೆಯ ಜೊತೆ ನಾಲ್ಕೂ ಕಡೆ ತಿರುಗುವ, ಗಾಲಿ ಇರುವ ಕುರ್ಚಿಯೂ ಬಂತು.

ಆ ವರ್ಷ ಹೈದರಾಬಾದಿನಿಂದ ಒಬ್ಬ ಇಂಜಿನಿಯರ್ ಬಂದು ತಂತಿಗಳ ಮೇಲೆ ನಿಗಾ ಇಡುವ ಒಂದು ತಂತ್ರಾಂಶವನ್ನು ನನ್ನ ಕಂಪ್ಯೂಟರಿಗೆ ಹಾಕಿದ. ನನ್ನ ಕೋಣೆಯ ಗೋಡೆಯ ಮೇಲೆ ಒಂದು ಡಬ್ಬಿ ಇತ್ತು. ಅದಕ್ಕೆ ಸಾಲಾಗಿ ಕಿಂಡಿಗಳು, ಕಿಂಡಿಗೊಂದು ತಂತಿ, ತಂತಿಗೊಂದು ಊರು ಅಥವಾ ಕೋಣೆ. ಪ್ರತಿ ಕಿಂಡಿಗೂ ಪರದೆಯ ಮೇಲೆ ಒಂದು ನಕ್ಷೆ. ನೀಲಿ ಗೆರೆ ಅಂದರೆ ಮಾಹಿತಿ ಹೋಗಿಬಂದದ್ದು, ಕೆಂಪು ಗೆರೆ ಅಂದರೆ ದಾರಿಯಲ್ಲಿ ಕೆಟ್ಟದ್ದು. ಐದು ನಿಮಿಷಕ್ಕೊಮ್ಮೆ ಅದು ತನ್ನಷ್ಟಕ್ಕೆ ತಾನೇ ಮುಂದಿನ ಗೆರೆ ಎಳೆದುಕೊಳ್ಳುತ್ತಿತ್ತು. ಮೂರನೆಯ ಕಿಂಡಿ ಕಮಲಾಪುರ, ಏಳನೆಯದು ನನ್ನ ಕೋಣೆ ಎಂದು ಇಂಜಿನಿಯರ್ ಹೆಸರು ಬರೆದುಕೊಟ್ಟ. ಹೊರಡುವಾಗ ನಕ್ಷೆಯ ಬದಿಯಲ್ಲಿರುವ ಅಂಕಿಗಳ ಬಗ್ಗೆ ಏನೋ ಹೇಳುತ್ತಿದ್ದ. ಅವನಿಗೆ ಬಸ್ಸಿಗೆ ತಡವಾಗುತ್ತದೆಂದು ನಾನೇ ಅವಸರಿಸಿ ಕಳಿಸಿದೆ.

ಅದಾದ ಮೇಲೆ ಮಹಾನವಮಿ ಬಂತು. ಖಂಡೇ ಪೂಜೆಯ ದಿನ ನಮ್ಮ ಕಚೇರಿಯಲ್ಲಿ ಟೈಪ್‌ರೈಟರಿನಿಂದ ಹಿಡಿದು ಕಾಗದಕ್ಕೆ ತೂತು ಹೊಡೆಯುವ ಯಂತ್ರದವರೆಗೆ ಎಲ್ಲವನ್ನೂ ಒರೆಸಿ, ಕುಂಕುಮ ಹಚ್ಚಿ ಪೂಜಿಸುವುದು ರೂಢಿ. ನಾನು ಗೋಡೆಯ ಡಬ್ಬಿಯನ್ನೂ ಬಿಡಲಿಲ್ಲ. ಎಲ್ಲ ತಂತಿಗಳನ್ನೂ ಕಿತ್ತು, ಡಬ್ಬಿಯನ್ನು ಕೆಳಗಿಳಿಸಿ, ಧೂಳು ಒರೆಸಿ, ಗಂಧ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಆರತಿ ಮಾಡಿದೆ. ಆಮೇಲೆ ತಂತಿಗಳನ್ನು ತಿರುಗಿ ಚುಚ್ಚಿದೆ. ಕಿಂಡಿಗಳೆಲ್ಲ ಒಂದೇ ಅಳತೆಯವು. ಎಲ್ಲಿ ಚುಚ್ಚಿದರೂ ಹಸಿರು ದೀಪ ಹತ್ತಿತು. ಇದನ್ನು ಇಲ್ಲಿ ಹೇಳಿದ್ದು ನನ್ನ ಭಕ್ತಿ ಎಂಥದ್ದೆಂದು ನಿಮಗೆ ತಿಳಿಯಲಿ ಎಂದು.

ಹಬ್ಬದ ರಜೆ ಮುಗಿಸಿ ಬಂದು ಕುರ್ಚಿಯಲ್ಲಿ ಕೂತು ನೋಡುತ್ತೇನೆ, ಕಮಲಾಪುರದ ನಕ್ಷೆಯಲ್ಲಿ ಒಂದು ಕೆಂಪು ಗುಡ್ಡ ಎದ್ದಿದೆ. ಚೌಕಟ್ಟಿನ ತಲೆಗೆ ತಾಗುವಷ್ಟು ಎತ್ತರ. ಮರುದಿನ ಇನ್ನೊಂದು. ಅದರ ಮರುದಿನ ಜೋಡು ಗುಡ್ಡ. ನಾನು ಬಣ್ಣದ ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ನಮ್ಮ ಮ್ಯಾನೇಜರ್ ಪಾಟೀಲ ಸಾಹೇಬರ ಬಳಿಗೆ ಹೋದೆ. ಅವರು ಮಾರುಕಟ್ಟೆಯ ಅಂಗಳದಲ್ಲಿ ಮೂವತ್ತು ವರ್ಷ ತೊಗರಿ ತೂಗಿಸಿ ಮೇಲೆ ಬಂದವರು. ಕಂಪ್ಯೂಟರ್ ಇದ್ದ ಕೋಣೆಗೆ ಬರುವಾಗ ದನಿ ತಗ್ಗಿಸುತ್ತಿದ್ದರು.

"ಸಾಹೇಬ್ರ, ಕಮಲಾಪುರದ ಲೈನಿನ್ಯಾಗ ಭಾರೀ ದೋಷ ಅದ್ರಿ."

"ಯಾರರೆ ಫಿರ್ಯಾದ ಕೊಟ್ಟಾರೇನು?"

"ಇಲ್ರಿ. ಅದಕ್ಕೇ ಇದು ಗಂಭೀರ ಅದ."

ಸಾಹೇಬರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಮಶೀನ ತಾನಾಗೇ ತಪ್ಪು ಮಾಡಂಗಿಲ್ಲ ಕುಲಕರ್ಣಿ. ಅದರ ಮುಂದ ಕೂಡಾಂವ ಮಾಡ್ತಾನ. ನೀವು ತಪಾಸ ಮಾಡಿ ಲಿಖಿತ ವರದಿ ಕೊಡ್ರಿ. ತಪ್ಪು ಖರೇ ಆದ್ರ ಆ ಮೆಹಬೂಬಗ ಗಡಿ ಗೋದಾಮಿಗೆ ಬದಲಿ ಮಾಡ್ತೀನಿ."

ಮೆಹಬೂಬ ಸಾಹೇಬರು ಅಂದರೆ ಕಮಲಾಪುರ ಶಾಖೆಯ ಏಕೈಕ ಕಂಪ್ಯೂಟರಿನ ಏಕೈಕ ಆಪರೇಟರ್. ಅವರ ಹೆಂಡತಿ ಶಾಲೆಯ ಮಾಸ್ತರಿಣಿ. ಮದುವೆಯಾದಾಗಿನಿಂದ ಇವರೊಂದು ಊರು, ಅವರೊಂದು ಊರು. ಅರ್ಜಿಯ ಮೇಲೆ ಅರ್ಜಿ ಹಾಕಿ ಆ ಜೂನಿನಲ್ಲಷ್ಟೇ ಇಬ್ಬರಿಗೂ ಕಮಲಾಪುರ ಸಿಕ್ಕಿತ್ತು. ಗಡಿ ಗೋದಾಮು ಅಂದರೆ ಎರಡು ಬಸ್ಸು ಬದಲಿಸಿ, ಆಮೇಲೆ ಸಿಕ್ಕ ಟ್ರಾಕ್ಟರ್ ಹತ್ತಿ ಹೋಗಬೇಕಾದ ಜಾಗ. ಬದಲಿಯಾದರೆ ಅವರ ಸಂಸಾರ ಮತ್ತೆ ಎರಡು ಹೋಳು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ನಕ್ಷೆಗೆ ಗೊತ್ತಿರಲಿಲ್ಲ, ಮತ್ತು ನಾನು ನಕ್ಷೆಯ ಪಕ್ಷದಲ್ಲಿದ್ದೆ.

ತಪಾಸಣೆಗೆ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಮೆಹಬೂಬ ಸಾಹೇಬರು ಬಾಗಿಲಿಗೇ ಬಂದು ಕರೆದುಕೊಂಡು ಹೋದರು. ಯಂತ್ರದ ಮೇಲೆ ಹೊಲಿದ ಹೊದಿಕೆ, ತಂತಿ ಗೋಡೆಗುಂಟ ಮೊಳೆ ಹೊಡೆದು ಕಟ್ಟಿದ್ದು, ಒಂದು ಕಡ್ಡಿ ಕಸವಿಲ್ಲ. ಇಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದಾರೆಂದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಅನ್ನಿಸಿತು.

"ಸರ, ನಾ ಇದನ್ನ ಮುಟ್ಟೂದೇ ಕಡಿಮಿರಿ," ಎಂದರು ಅವರು. "ಮುಂಜಾನೆ ಧೂಳ ಝಾಡಿಸ್ತೀನಿ. ಸಂಜೀಕ ಪಟ್ಟಿ ಕಳಸ್ತೀನಿ. ಅಷ್ಟ."

"ಹಂಗಾದ್ರ ಮುಂಜಾನಿ ಹನ್ನೊಂದರಿಂದ ಕೆಂಪು ಯಾಕ ಏಳ್ತದ?"

"ನಂಗ ತಿಳೀವಲ್ದು ಸರ. ಆ ಹೊತ್ತಿಗೆ ನಾ ರೈತರ ಜೋಡಿ ಹೊರಗ ಇರ್ತೀನಿ."

ಸಂಜೆಯವರೆಗೆ ಎದುರಿಗೆ ಕೂತು ಕಾವಲು ಕಾಯ್ದೆ. ಎರಡು ಸಲ ಚಹಾ ಆಯಿತು. ಬರುವಾಗ ಊರಿನ ಕೆಂಪು ಬಾಳೆಹಣ್ಣು ಒಂದು ಡಜನ್ ಕಟ್ಟಿಕೊಟ್ಟರು. ಮರುದಿನ ಕಚೇರಿಗೆ ಬಂದು ನೋಡಿದರೆ, ನಾನು ಕಮಲಾಪುರದಲ್ಲಿದ್ದ ಅಷ್ಟೂ ಹೊತ್ತು ಕೆಂಪು ಗೆರೆ ನೆಲ ಕಚ್ಚಿ ಮಲಗಿತ್ತು. ಒಂದೇ ಒಂದು ದೋಷವಿಲ್ಲ. ನಾನು ಕುರ್ಚಿಯಲ್ಲಿ ಕೂತು ಈ ವಿಷಯವನ್ನು ಆಲೋಚಿಸುತ್ತಿರುವಾಗಲೇ ಗುಡ್ಡ ಮತ್ತೆ ಏಳತೊಡಗಿತು.

ಇನ್ನೂ ಎರಡು ಸಲ ಹೋದೆ. ಎರಡೂ ಸಲ ಹಾಗೆಯೇ ಆಯಿತು. ನಾನು ಹೋದ ದಿನ ದೋಷವಿಲ್ಲ, ಹೋಗದ ದಿನ ಗುಡ್ಡ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ನ್ಯಾಯಾಲಯ ಕೇಳುತ್ತದೆ? ನಾನಿದ್ದಾಗ ಇವರು ಹೆದರಿ ಸರಿಯಾಗಿ ಇರುತ್ತಾರೆ, ನಾನು ಬೆನ್ನು ತಿರುಗಿಸಿದ ಕೂಡಲೇ ಏನೋ ಶುರುಮಾಡುತ್ತಾರೆ. ಒಂದು ಶುಕ್ರವಾರ ಅವರು ಜುಮ್ಮಾ ನಮಾಜಿಗೆ ಹೋದ ಹೊತ್ತಿನಲ್ಲೂ ಕೆಂಪು ಏರಿದ್ದನ್ನು ಗಮನಿಸಿ ಸ್ವಲ್ಪ ಗೊಂದಲವಾಯಿತು. ಆಮೇಲೆ, ಈ ಮನುಷ್ಯನ ತಪ್ಪುಗಳು ಅವನಿಲ್ಲದಾಗಲೂ ತಮ್ಮಷ್ಟಕ್ಕೆ ನಡೆಯುವಷ್ಟು ಪಳಗಿವೆ ಎಂದು ತೀರ್ಮಾನಿಸಿ, ಅದನ್ನೂ ವರದಿಯಲ್ಲಿ ಸೇರಿಸಿದೆ.

ವರದಿ ಬರೆಯುತ್ತಿದ್ದುದು ಮನೆಯಲ್ಲಿ. ಹೆಂಡತಿ ಪ್ರಮೀಳಾ ಕೆಂಪು ಬಾಳೆಹಣ್ಣು ಸುಲಿಯುತ್ತ ನನ್ನ ಹೆಗಲ ಮೇಲಿಂದ ನಕ್ಷೆ ನೋಡಿದಳು.

"ಇದೇನ್ರಿ, ಹನ್ನೊಂದಕ್ಕ ಏಳ್ತದ, ಒಂದೂವರಿಗೆ ಮಲಗ್ತದ, ಮತ್ತ ಮೂರಕ್ಕ ಏಳ್ತದ, ಐದಕ್ಕ ಬಂದ್ ಆಗ್ತದ."

"ಹೌದು."

"ಐತವಾರ ಸೂಟಿ."

"ಹೌದು."

"ಥೇಟ್ ನಿಮ್ಮಂಗ ಅದ ನೋಡ್ರಿ."

ಇದು ತಾಂತ್ರಿಕ ವಿಷಯ, ನಿನಗೆ ತಿಳಿಯುವಂಥದ್ದಲ್ಲ ಎಂದೆ. ಅವಳು ಹಣ್ಣು ತಿನ್ನುತ್ತ ಒಳಗೆ ಹೋದಳು.

ಈ ನಡುವೆ ಏಳನೆಯ ಕಿಂಡಿ, ಅಂದರೆ ನನ್ನ ಕೋಣೆಯದು, ಬಹಳ ಚೆನ್ನಾಗಿ ನಡೆಯುತ್ತಿತ್ತು. ಕೆಂಪು ಎಂಬುದು ಹುಡುಕಿದರೂ ಸಿಗದು. ಕೊನೆಯ ಎಂಟು ದಿನಗಳಲ್ಲಂತೂ ನೀಲಿಯೂ ಇರಲಿಲ್ಲ, ಖಾಲಿ ಸ್ಲೇಟಿನ ಹಾಗೆ ಸ್ವಚ್ಛವಾಗಿತ್ತು. ಅದನ್ನು ಅಚ್ಚು ಹಾಕಿಸಿ, ಕೆಳಗೆ "ಶಿಸ್ತಿನ ಮಾದರಿ: ಗಣಕ ವಿಭಾಗ" ಎಂದು ಬರೆದು ಸೂಚನಾ ಫಲಕಕ್ಕೆ ಅಂಟಿಸಿದೆ.

ವರದಿ ಓದಿ ಪಾಟೀಲ ಸಾಹೇಬರು ಬದಲಿಯ ಆದೇಶ ಟೈಪ್ ಮಾಡಿಸಿದರು. ಸಹಿ ಹಾಕುವ ಮೊದಲು ಒಮ್ಮೆ ಎದುರುಬದುರು ಕೇಳಿಬಿಡೋಣ ಎಂದು ಮೆಹಬೂಬ ಸಾಹೇಬರನ್ನು ಕಪನೂರಿಗೆ ಕರೆಸಿದರು. ವಿಚಾರಣೆ ನನ್ನ ಕೋಣೆಯಲ್ಲಿ. ನಾನು ತಿರುಗುವ ಕುರ್ಚಿಯಲ್ಲಿ ಕೂತು ಪರದೆಯನ್ನು ಅವರ ಕಡೆ ತಿರುಗಿಸಿದೆ. ಸಾಹೇಬರು ಸ್ಟೂಲಿನ ಮೇಲೆ ಕೂತರು. ಮೆಹಬೂಬ ಸಾಹೇಬರು ಎದೆಗೆ ಒಂದು ಬಟ್ಟೆಯ ಚೀಲ ಅವಚಿಕೊಂಡು ನಿಂತಿದ್ದರು. ಮುಖ ಸೊರಗಿತ್ತು.

ನಾನು ಗಂಟಲು ಸರಿಮಾಡಿಕೊಂಡು ವರದಿಯನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಓದಿ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಆ ದಿನದ ಗುಡ್ಡವೂ ಚೆನ್ನಾಗಿ ಎದ್ದಿತ್ತು. ಇಂಥ ಯೋಗ ಎಲ್ಲರಿಗೂ ಕೂಡಿಬರುವುದಿಲ್ಲ.

"ನೋಡ್ರಿ ಸಾಹೇಬ್ರ, ಈಗೂ ನಡದದ. ಈ ಕ್ಷಣಕ್ಕೂ ಕಮಲಾಪುರದಾಗ ದೋಷ ಆಗಾಕತ್ತದ."

ಮೆಹಬೂಬ ಸಾಹೇಬರು ಪರದೆ ನೋಡಿದರು. ಆಮೇಲೆ ಚೀಲದೊಳಗೆ ಕೈ ಹಾಕಿ, ಸುರುಳಿ ಸುತ್ತಿ ರಬ್ಬರ್ ಹಾಕಿದ ಒಂದು ತಂತಿಯನ್ನು ತೆಗೆದು ಮೇಜಿನ ಮೇಲಿಟ್ಟರು.

"ಸರ, ಕಮಲಾಪುರದ ವಾಯರ್ ಇದ. ತಪಾಸಕ್ಕ ಬೇಕಾಗ್ತದ ಅಂತ ಬಿಚ್ಚಿ ತಂದೀನ್ರಿ."

ಸಾಹೇಬರು ತಂತಿಯನ್ನೊಮ್ಮೆ, ಪರದೆಯ ಗುಡ್ಡವನ್ನೊಮ್ಮೆ ನೋಡಿದರು.

"ಮತ್ತ ಮಶೀನ?" ಎಂದರು ಪಾಟೀಲ ಸಾಹೇಬರು.

"ಎಂಟ ದಿನದಿಂದ ಬಂದ್ ಅದ್ರಿ. ನಾ ಮುಟ್ಟಿದ್ರ ದೋಷ ಆಗ್ತದ ಅಂದ್ರು, ಅದಕ್ಕ ಮುಟ್ಟೂದೇ ಬಿಟ್ಟೆ. ಪಟ್ಟಿ ಕೈಲೇ ಬರದು ಬಸ್ಸಿನ ಕಂಡಕ್ಟರ್ ಕೈಯಾಗ ನಿಮ್ಮ ಆಫೀಸಿಗೆ ಕೊಟ್ಟು ಕಳಸಾಕತ್ತೀನಿ."

ಪಟ್ಟಿಗಳು ಎಂಟು ದಿನದಿಂದ ಪಕ್ಕದ ಕೋಣೆಯ ಗುಮಾಸ್ತರ ಮೇಜಿಗೆ ಬರುತ್ತಿದ್ದವು. ಅವರು ನನಗೆ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ. ನನಗೆ ಬೇಕಾಗಿದ್ದದ್ದು ದೋಷಗಳು, ಅವು ತಪ್ಪದೆ ಬರುತ್ತಿದ್ದವು.

ಪಾಟೀಲ ಸಾಹೇಬರು ಎದ್ದರು. ಅವರಿಗೆ ಕಂಪ್ಯೂಟರ್ ತಿಳಿಯುತ್ತಿರಲಿಲ್ಲ, ಆದರೆ ಹಗ್ಗ ಹಿಡಿದು ಹೋದರೆ ಎತ್ತು ಸಿಗುತ್ತದೆ ಎಂಬುದು ತಿಳಿಯುತ್ತಿತ್ತು. ಡಬ್ಬಿಯ ಮೂರನೆಯ ಕಿಂಡಿಯ ತಂತಿಯನ್ನು ಎರಡು ಬೆರಳಲ್ಲಿ ಹಿಡಿದರು. ಗೋಡೆಗುಂಟ ಬಂದರು. ಕಪಾಟಿನ ಹಿಂದೆ ಬಗ್ಗಿದರು. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಸರಿಯುತ್ತ ನನ್ನ ಬಳಿ ಬಂದು ನಿಂತರು. ತಂತಿ ನನ್ನ ಕುರ್ಚಿಯ ಗಾಲಿಯ ಅಡಿಯಿಂದ ಹಾದು, ಮೇಜು ಹತ್ತಿ, ನನ್ನ ಕಂಪ್ಯೂಟರಿನೊಳಗೆ ಹೋಗಿತ್ತು. ಗಾಲಿಯ ಅಡಿಯಲ್ಲಿ ಅದು ಜಜ್ಜಿ ಚಪ್ಪಟೆಯಾಗಿತ್ತು.

"ಏಳ್ರಿ," ಎಂದರು.

ಎದ್ದೆ. ಐದು ನಿಮಿಷ ಕಾಯಬೇಕು ಎಂದು ವಿನಂತಿಸಿಕೊಂಡೆ. ಮೂವರೂ ಪರದೆ ನೋಡುತ್ತ ನಿಂತೆವು. ಹೊಸ ಗೆರೆ ಬಂತು. ಕೆಂಪು ಇರಲಿಲ್ಲ.

"ಕೂಡ್ರಿ."

ಕೂತೆ. ಐದು ನಿಮಿಷ. ಕೆಂಪು ಎದ್ದಿತು.

"ಮತ್ತ ಏಳ್ರಿ."

ಮುಕ್ಕಾಲು ಗಂಟೆ ಹೀಗೆ ನಡೆಯಿತು. ಶಾಲೆಯಲ್ಲಿ ಲೆಕ್ಕ ತಪ್ಪಿದಾಗಲೂ ಇಷ್ಟು ಬಸ್ಕಿ ಹೊಡೆದಿರಲಿಲ್ಲ, ಹೊಡೆದಿದ್ದರೂ ಅದರ ನಕ್ಷೆ ಯಾರೂ ಬರೆದಿರಲಿಲ್ಲ. ಖಂಡೇ ಪೂಜೆಯ ದಿನ ಮೂರು ಮತ್ತು ಏಳರ ತಂತಿಗಳನ್ನು ಅದಲುಬದಲು ಚುಚ್ಚಿದ್ದೇನೆ, ಮೂರು ವಾರದಿಂದ ನಾನು ಬೆನ್ನು ಹತ್ತಿದ ಅಪರಾಧಿ ನಾನೇ ಎಂಬುದು ನಾಲ್ಕನೆಯ ಸಲ ಕೂತಾಗ ನನಗೂ ಪೂರ್ತಿ ಅರ್ಥವಾಯಿತು. ನಾನು ಕಮಲಾಪುರಕ್ಕೆ ಹೋದಾಗ ಕುರ್ಚಿ ಖಾಲಿ, ಹೀಗಾಗಿ ದೋಷವೂ ಇಲ್ಲ. ಪ್ರಮೀಳಾ ಇದನ್ನು ಬಾಳೆಹಣ್ಣು ತಿನ್ನುತ್ತಲೇ ಹೇಳಿದ್ದಳು.

ಸಾಹೇಬರು ಸೂಚನಾ ಫಲಕದಿಂದ ನನ್ನ ಮಾದರಿ ನಕ್ಷೆಯನ್ನು ಕಿತ್ತು ತಂದರು. "ಇದು ನಿಮ್ಮ ಕೋಣಿದಂತ ಬರದೀರಲ್ಲ? ಎಂಟ ದಿನದಿಂದ ಒಂದ ಗೆರಿನೂ ಇಲ್ಲ. ಇದು ನಿಮ್ಮದ ಅಂದಿದ್ರ ನೀವು ಎಂಟ ದಿನ ಏನ್ ಕೆಲಸ ಮಾಡಿದಂಗಾತು?"

ಅದು ಮೆಹಬೂಬ ಸಾಹೇಬರ ಬಂದಾದ ಯಂತ್ರದ ನಕ್ಷೆಯಾಗಿತ್ತು.

ಆಮೇಲೆ ಸಾಹೇಬರು ಕನ್ನಡಕ ಏರಿಸಿ ಗುಡ್ಡದ ಬದಿಯನ್ನು ನೋಡಿದರು. "ಈ ಬಾಜೂಕ ಅಂಕಿ ಬರದಾರಲ್ಲ, ಇವೇನು?"

ನಾನು ಮೊದಲ ಸಲ ಅದನ್ನು ನೋಡಿದೆ. ಗುಡ್ಡದ ತುದಿಯ ಎದುರಿಗೆ "ಎರಡು" ಎಂಬ ಅಂಕಿ ಇತ್ತು. ಐದು ನಿಮಿಷದಲ್ಲಿ ಹಾದುಹೋದ ಮಾಹಿತಿಯ ಸಾವಿರಾರು ತುಣುಕುಗಳಲ್ಲಿ ಕೆಟ್ಟದ್ದು ಎರಡು. ದೊಡ್ಡದಿರಲಿ ಸಣ್ಣದಿರಲಿ, ಇದ್ದದ್ದನ್ನು ಚೌಕಟ್ಟಿನ ತುಂಬ ಹಿಗ್ಗಿಸಿ ತೋರಿಸುವುದು ಆ ತಂತ್ರಾಂಶದ ಸ್ವಭಾವ. ನನ್ನದೂ ಅದೇ ಸ್ವಭಾವ ಎಂದು ಪ್ರಮೀಳಾ ಆಮೇಲೆ ಹೇಳಿದಳು.

"ಒಂದ ಚೀಲ ತೊಗರ್ಯಾಗ ಎರಡ ಹರಳ ಬಂದ್ರ ನಾವು ರೈತನ ಊರ ಬಿಡಸ್ತೀವೇನು?" ಎಂದು ಸಾಹೇಬರು ಆದೇಶದ ಕಾಗದವನ್ನು ನಾಲ್ಕು ತುಂಡು ಮಾಡಿದರು.

ಮೆಹಬೂಬ ಸಾಹೇಬರು ತುಂಡುಗಳನ್ನು ನೋಡಿದರು. ಗೋಡೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟರು. ನಾನು ನೀರು ಕೊಟ್ಟೆ. ಮೆಹಬೂಬ ಸಾಹೇಬ್ರ, ತಪ್ಪು ನಿಮ್ಮದಲ್ಲ ಅಂತ ಗಟ್ಟಿಯಾಗಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಮೂರ ಸಲ ಹೇಳಿದ್ನಲ್ರಿ. ಮೂರೂ ಸಲ ನೀವು ನಕ್ಷಾ ತೋರಿಸಿದ್ರಿ." ನೀರು ಕುಡಿದು ಲೋಟ ಕೆಳಗಿಟ್ಟರು. "ಕಡೀಕ ನನಗೂ ನಾನೇ ಏನೋ ಮಾಡಾಕತ್ತೀನಿ ಅನಸ್ತು ಸರ. ಒಂದ ದಿನಾ ಮನಿಯವ್ರಿಗಿ ಸಾಲಿಗೆ ರಜಾ ಹಾಕಿಸಿ ಬಾಜೂಕ ಕೂಡಸ್ಕೊಂಡಿದ್ದೆ. ನನ್ನ ಕೈ ಏನೇನ್ ಮಾಡ್ತದ, ಜರಾ ನೋಡು ಅಂತ. ಪಾಪ, ಸಂಜೀತನಕ ಕಣ್ಣ ಬಿಟ್ಟು ನೋಡಿದ್ಲು."

ಆ ಮಾತು ಕೇಳಿ ನನಗೆ ನಿಜವಾಗಿ ನಾಚಿಕೆಯಾಯಿತು. ಬಸ್ಕಿ ಹೊಡೆಯುವಾಗ ಆಗಿದ್ದು ಬರೀ ಮುಜುಗರ. ಒಬ್ಬ ಸರಿಯಾದ ಮನುಷ್ಯ ತನ್ನ ಕೈಯನ್ನೇ ನಂಬದಂತೆ ಮಾಡಿಬಿಟ್ಟಿದ್ದೆನಲ್ಲ, ಅದಕ್ಕೆ ಯಾವ ಕ್ಷಮೆ ಕೇಳಬೇಕೋ ತಿಳಿಯಲಿಲ್ಲ. ಆದರೂ ಕೇಳಿದೆ. ಅವರು ನನ್ನ ಕೈ ಹಿಡಿದು, "ಛೋಡೋ ಸಾಬ್, ಆಗಿದ್ದು ಆಗಿ ಹೋತು," ಎಂದರು.

ಪಾಟೀಲ ಸಾಹೇಬರು ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ವರದಿ ತಪ್ಪಾಗಿ ದಾಖಲಾಗಿದೆ, ಸರಿಯಾಗಿ ದಾಖಲಾಗಬೇಕು ಎಂದರು. ದೋಷಕ್ಕೆ ಕಾರಣ "ಕುರ್ಚಿಯ ಮೇಲಿನ ಭಾರ" ಎಂದು ನಾನು ಬರೆದೆ.

"ಭಾರ ಅಂದ್ರ ಎಷ್ಟು?" ಎಂದರು. "ನಾಳೆ ನಿಮ್ಮ ಜಾಗಾಕ ಬ್ಯಾರೇದವ್ರು ಬಂದು ಕೂತ್ರ ಎಷ್ಟ ಕಿಲೋತನಕ ನಡೀತದ ಅಂತ ಗೊತ್ತಾಗಬೇಕಲ್ಲ? ನಡೀರಿ ಕಾಟಾಕ್ಕ."

ಕಾಟಾ ಅಂದರೆ ನಮ್ಮ ಅಂಗಳದಲ್ಲಿ ತೊಗರಿ ಚೀಲ ತೂಗುವ ದೊಡ್ಡ ತಕ್ಕಡಿ. ಮುಂದೆ ಸಾಹೇಬರು, ನಡುವೆ ನಾನು, ಹಿಂದೆ ವರದಿ ಹಿಡಿದ ಮೆಹಬೂಬ ಸಾಹೇಬರು. ನನ್ನ ಅಕ್ಷರ ಯಾರಿಗೂ ಓದಲು ಬಾರದೆಂದು ಬರೆಯುವ ಕೆಲಸ ಅವರಿಗೆ ಬಿದ್ದಿತ್ತು. ತೊಗರಿ ತಂದ ರೈತರೆಲ್ಲ ಸರಿದು ಜಾಗ ಕೊಟ್ಟರು. ಹತ್ತಿ ನಿಂತೆ. ತೂಗುವ ಹಮಾಲ ಶರಣಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾಹೇಬ್ರ, ಚೀಲದ ಸಹಿತ ಹಿಡೀಲೋ, ಚೀಲ ಕಳದೋ?" ಎಂದು ಕೇಳಿದ. ಸಹಿತ ಹಿಡಿ ಎಂದರು ಸಾಹೇಬರು. ಅವನು ಕಲ್ಲು ಇಟ್ಟು, ಮುಳ್ಳು ನೋಡಿ, ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ. "ಎಂಬತ್ತಾರು!"

ಮೆಹಬೂಬ ಸಾಹೇಬರು ಮುತ್ತಿನಂಥ ಅಕ್ಷರದಲ್ಲಿ ಬರೆದು ಸಹಿಗೆ ನನ್ನ ಮುಂದೆ ಹಿಡಿದರು. ಎಂಬತ್ತೈದು ಎಂದಿತ್ತು.

"ಒಂದು ಕಿಲೋ ಕಡಿಮಿ ಬರದೀರಲ್ರಿ?" ಎಂದೆ.

"ಚಪ್ಪಲಿದು ಕಳದೀನಿ ಸರ," ಎಂದು ಮೆಲ್ಲಗೆ ಹೇಳಿದರು.

ಕಂಪ್ಯೂಟರಿನ ಕೋಣೆಗೆ ಚಪ್ಪಲಿ ತರಬಾರದೆಂದು ಬೋರ್ಡು ಬರೆಸಿದವನು ನಾನೇ. ಅಲ್ಲಿಂದ ನೇರವಾಗಿ ಕಾಟಾಕ್ಕೆ ಬಂದ ನಾನು ಬರಿಗಾಲಲ್ಲಿ ನಿಂತಿದ್ದೆ.